ಪೆನ್ಸಿಲಿನಲ್ಲಿ ಬರೆದ ಆಳ

ಹಳೆಬಂದರಿನ ಧಕ್ಕೆಯಿಂದ ಅಳಿವೆ ಬಾಗಿಲವರೆಗೆ
ಸಣ್ಣ ದೋಣಿಯಲ್ಲಿ ನಾವು ಮೂವರು:
ಎಂಜಿನ್ನಿನ ಹಿಂದೆ ಹಮ್ಮಬ್ಬ,
ಮೂತಿಯಲ್ಲಿ ಸೀಸದ ಗುಂಡು ಹಿಡಿದ ದೂಮಪ್ಪ ಮೆಂಡನ್,
ನಡುವೆ, ತೊಡೆಯ ಮೇಲೆ ಉದ್ದ ಪುಸ್ತಕ ಇಟ್ಟುಕೊಂಡು
ಬರೆಯುವವಳು ನಾನು.

ಅವರು ಎಸೆಯುತ್ತಾರೆ. ಹಗ್ಗ ಜಾರುತ್ತದೆ.
ಕೆಂಪು ಬಟ್ಟೆಯ ಗಂಟು, ತೊಗಲಿನ ಗಂಟು, ಬರೀ ಗಂಟು,
ಯಾವುದು ಎಷ್ಟೆಂದು ಬೆರಳಿಗೆ ಗೊತ್ತು.
"ಮೂರೂವರೆ" ಎನ್ನುತ್ತಾರೆ, ಮೀಟರು ಎನ್ನುವುದಿಲ್ಲ.
ಹತ್ತು ಮಾರು ಆಚೆ, "ಮೂರೂಕಾಲು."
ಬೆಂಗರೆಯ ಮಸೀದಿಗೆ ನೇರ ಬಂದಾಗ
ಸ್ವಲ್ಪ ತಡೆದು, "ಎರಡು."
ಬರೆಯುತ್ತೇನೆ. ಇಲಾಖೆಯ ಹಳೆಯ ನಿಯಮ:
ಆಳವನ್ನು ಪೆನ್ಸಿಲಿನಲ್ಲೇ ನಮೂದಿಸತಕ್ಕದ್ದು.

ಗುಂಡಿನ ಅಡಿಗೊಂದು ಕುಳಿ. ಗ್ರೀಸು ಮೆತ್ತಿ ಬಿಟ್ಟರೆ
ತಳ ತನ್ನ ಗುರುತು ಅಂಟಿಸಿ ಕಳಿಸುತ್ತದೆ.
ದೂಮಪ್ಪಣ್ಣ ಹೆಬ್ಬೆರಳಲ್ಲಿ ಉಜ್ಜಿ, ಮೂಸಿ,
ಅದರ ಕುಲಗೋತ್ರ ಹೇಳುತ್ತಾರೆ:
ಇದು ಕರಿ ಕೆಸರು, ಗುರುಪುರ ಹೊಳೆಯದು, ಮೆತ್ತಗೆ ನಡೆದು ಬಂದದ್ದು.
ಇದು ದಪ್ಪ ಮರಳು, ನೇತ್ರಾವತಿಯ ಅವಸರದ್ದು.
ಇದು ಚಿಪ್ಪಿನ ಪುಡಿ, ಕಡಲಿಗೂ ಬೇಡವಾಗಿ ವಾಪಸು ಬಂದದ್ದು.
ಮೂವರ ಜಗಳಕ್ಕೆ
ನಮ್ಮ ಬಾಗಿಲೇ ಜಗಲಿ.

ದೀಪಾವಳಿ ಕಳೆದ ಮೇಲೆ ಡ್ರೆಜ್ಜರು ಬಂತು.
ಹಗಲೂ ರಾತ್ರಿ ಎರಡು ಕಬ್ಬಿಣದ ಕಾಲೂರಿ
ಸೊಂಡಿಲು ಇಳಿಸಿ ತಳವನ್ನು ಕೆರೆದು ಹೀರಿತು.
ಕೊಳವೆಯ ತುದಿ ಕಪ್ಪು ನೀರಿನ ಜೊತೆ ಕಕ್ಕಿತು
ಹಂಚಿನ ಚೂರು, ಕಾರ್ಖಾನೆಯ ಅರ್ಧ ಹೆಸರು ಸಮೇತ,
ಬಲೆಯ ಸೀಸದ ಮಣಿ, ಚೌತಿ ಗಣಪತಿಯ ಒಳಗಿನ ತಂತಿ,
ಬೀಡಿ ಎಲೆ ಕತ್ತರಿಸುವ ಕತ್ತರಿ,
ಒಂಟಿ ಚಪ್ಪಲಿಗಳು (ಎಲ್ಲ ಎಡಗಾಲಿನವೇ, ಯಾಕೋ).
ಒಂದು ದಿನ ಹಲ್ಲಿಗೆ ಸಿಕ್ಕಿಕೊಂಡು
ನೀಲಿ ಬಳಿದ ಹಲಗೆಯ ತುಂಡು,
ಮೇಲೆ ಬಿಳಿಯಲ್ಲಿ "ಪ್ರಿಯಾ" ಎಂದಷ್ಟೇ.

ಯಂತ್ರ ನಿಲ್ಲಿಸಿದರು.
ಹಿಂದಿನ ಆಗಸ್ಟಿನಲ್ಲಿ, ಮಳೆಗಾಲದ ರಜೆ ಮುಗಿದ ಮೊದಲ ವಾರ,
ಇದೇ ಬಾಗಿಲಲ್ಲಿ ಮರಳ ದಿಬ್ಬಕ್ಕೆ ತಳ ತಾಗಿ
ಒಂದು ದೋಣಿ ಅಡ್ಡಬಿದ್ದಿತ್ತು. ಏಳು ಮಂದಿ ಈಜಿದರು.
ಎಂಟನೆಯವನು ಹಮ್ಮಬ್ಬನ ತಂಗಿಯ ಗಂಡ.
ಹಮ್ಮಬ್ಬ ಹಲಗೆ ನೋಡಿದ. "ಇದಲ್ಲ" ಎಂದ.
"ಅದರ ನೀಲಿ ಬೇರೆ."
ಯಾರೂ ಮತ್ತೆ ಕೇಳಲಿಲ್ಲ.
ಹಲಗೆ ನಮ್ಮ ದೋಣಿಯಲ್ಲೇ ಉಳಿಯಿತು,
ಕೂರುವುದಕ್ಕೆ ಬೇಕಾಗುತ್ತದೆಂದು.
ಯಾರೂ ಕೂರಲಿಲ್ಲ.

ಮಾರ್ಚಿನ ಕೊನೆಗೆ ಗುತ್ತಿಗೆದಾರರ ಕಾಗದ:
ಉದ್ದಕ್ಕೂ ನಾಲ್ಕು ಮೀಟರು, ಬಿಲ್ಲು ಪಾಸಾಗಲಿ.
ಅವರ ಪೆಟ್ಟಿಗೆ ನೀರೊಳಗೆ ಶಬ್ದ ಬಿಟ್ಟು, ಮರುದನಿ ಕೇಳಿ
ಬಣ್ಣಬಣ್ಣದ ನಕ್ಷೆ ಬರೆದಿತ್ತು.
ತಿರುವಿನಲ್ಲಿ ಗುಂಡು ಮಾತ್ರ "ಮೂರು" ಎಂದಿತು.
ಹಗ್ಗ ಹಳತು, ಜಗ್ಗಿ ಉದ್ದವಾಗಿರಬೇಕು, ಎಂದರು ಎಂಜಿನಿಯರು.
ದೂಮಪ್ಪಣ್ಣ ಮಾತಾಡಲಿಲ್ಲ. ಧಕ್ಕೆಯ ಮೇಲೆ
ಅವರದೇ ಟೇಪಿನ ಪಕ್ಕ ಹಗ್ಗವನ್ನು ಮಲಗಿಸಿದರು.
ಒಂದು ಬೆರಳೂ ಹೆಚ್ಚಿಲ್ಲ.
"ಮೇಡಂ, ಬರೆದದ್ದು ಪೆನ್ಸಿಲಲ್ಲಿ ತಾನೇ?"
ಗುತ್ತಿಗೆದಾರ ನಕ್ಕು, ಮೇಜಿನ ಮೇಲೆ
ರಬ್ಬರನ್ನು ನನ್ನ ಕಡೆ ಸರಿಸಿದ.

ಅಂದು ಮಧ್ಯಾಹ್ನದ ಭರತಕ್ಕೆ
ಆಟ್ಟಕೋಯನ ಮಂಜಿ ಆಂದ್ರೋತ್ತಿಗೆ ಹೊರಟು ನಿಂತಿತ್ತು:
ಸಿಮೆಂಟು, ಈರುಳ್ಳಿ, ಹನ್ನೆರಡು ಆಡು,
ಯಾರದೋ ಮದುವೆಯ ಕಪಾಟು, ಕನ್ನಡಿಗೆ ಕಂಬಳಿ ಸುತ್ತಿ.
ತಂಡೇಲ ಕೇಳಿದ್ದು ಒಂದೇ: "ಎಷ್ಟುಂಟು?"
ಪುಸ್ತಕ ತೆರೆಯದೆ ಹೇಳಿದೆ, ತಿರುವಿನಲ್ಲಿ ಮೂರು.
ಅವನು ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟಿ,
ರಾತ್ರಿಯ ದೊಡ್ಡ ಭರತಕ್ಕೆ ಹೋಗುವ ಎಂದು, ಚಹಾಕ್ಕಿಟ್ಟ.
ಆಡುಗಳು ಕತ್ತಲಾಗುವವರೆಗೂ ಕೂಗಿದವು.

ಬಿಲ್ಲು ಪಾಸಾಯಿತು, ನನ್ನ ಪುಟವನ್ನು ಬಿಟ್ಟು.
ರಬ್ಬರು ಡ್ರಾಯರಿನಲ್ಲಿದೆ. ಅಂಚು ಸವೆದಿಲ್ಲ.

ಈಗ ಜೂನ್. ಘಟ್ಟದ ಮೊದಲ ಕೆಂಪು ನೀರು
ಕೂಳೂರು ಸೇತುವೆ ದಾಟಿ ಇಳಿಯುತ್ತಿದೆ.
ಆರು ತಿಂಗಳು ಎತ್ತಿದ್ದನ್ನು ಆರು ರಾತ್ರಿಯಲ್ಲಿ ತುಂಬುತ್ತದೆ,
ಯಾರ ಮೇಲೂ ಸಿಟ್ಟಿಲ್ಲದೆ.
ದೂಮಪ್ಪಣ್ಣ ಹಗ್ಗ ಒಣಗಿಸಿ ಸುತ್ತಿಟ್ಟರು.
"ಅಕ್ಟೋಬರಿಗೆ ಹೊಸ ಪುಸ್ತಕ ತರಿಸಿಡಿ" ಎಂದರು.

ಹಮ್ಮಬ್ಬ ದೋಣಿ ಮಗುಚಿ ಹಾಕುವ ಮೊದಲು
ಆ ಹಲಗೆಯನ್ನು ಗೋಣಿಯಲ್ಲಿ ಸುತ್ತಿ,
ಮಳೆ ತಾಗದಂತೆ ಎದೆಗೊತ್ತಿ,
ಕಡವಿನ ದೋಣಿ ಹತ್ತಿ ಮನೆಗೆ ಒಯ್ದ,
ನೀಲಿ ಬೇರೆ ಎಂದವನು.